ವಿಭೂತಿ ಹಚ್ಚಿದ ಸಿಡಿ

ಕಂಪ್ಯೂಟರಿನ ಮಾಹಿತಿಗೆ ನಕಲು ತೆಗೆದಿಡುವ ಬ್ಯಾಕಪ್ ಕೆಲಸದ ಪರೀಕ್ಷೆಗೆ ಎರಡೇ ದಿನ ಉಳಿದಿತ್ತು. ಅರ್ಧಕ್ಕೇ ಶಾಲೆ ಬಿಟ್ಟ ರುದ್ರೇಶನಿಗೆ ಇದು ಪಾಸಾದರೆ ಸಿಗುವುದೇ ಜೀವನದ ಮೊದಲ ಸರ್ಟಿಫಿಕೇಟ್. ಅದಿದ್ದರೆ ರಾಜಾಜಿನಗರದ ಕಂಪನಿಯಲ್ಲಿ ಮಾಹಿತಿ ತುಂಬಿದ ಟೇಪಿನ ಪೆಟ್ಟಿಗೆ ಹೊರುವುದು ತಪ್ಪಿ, ಕಂಪ್ಯೂಟರ್ ಮುಂದೆ ಕೂರುವ ಕೆಲಸ ಸಿಗುತ್ತಿತ್ತು. ಓದಿದ್ದನ್ನೆಲ್ಲ ಅವನು ಕುರುಬರಹಳ್ಳಿಯ ಸೈಬರಿನಲ್ಲಿ ಕೂತು ಟೈಪ್ ಮಾಡಿ, ಸಿಡಿಗೆ ಹಾಕಿಸಿ, ಜೋಪಾನವಾಗಿರಲೆಂದು ದೇವರ ಗೂಡಿನಲ್ಲಿಟ್ಟಿದ್ದ.

ಆಯುಧ ಪೂಜೆಯ ಬೆಳಿಗ್ಗೆ ನೋಡಿದರೆ, ಸಿಡಿಯ ಹೊಳೆಯುವ ಮೈಮೇಲೆ ಮೂರು ಬೆರಳಿನ ವಿಭೂತಿ!

“ಅವ್ವಾ! ಏನ್ ಮಾಡೀದಿ ಇದನ್ನ?”

“ಯಾಕ ಒದರ್ತಿ? ನಿನ್ನ ಆಯುಧ ಅದ ಅಲ್ಲೇನು?” ಎಂದಳು ದಾನಮ್ಮ, ಈಳಿಗೆಮಣೆಗೆ ಕುಂಕುಮ ಇಡುತ್ತಾ.

ರುದ್ರೇಶನ ತಲೆ ಕೆಟ್ಟಿತು. ಕೈಗೆ ಸಿಕ್ಕ ಒರಟು ಬಟ್ಟೆಯಿಂದ ಸಿಡಿಯನ್ನು ಗಸಗಸ ಉಜ್ಜುತ್ತಲೇ ಸೈಬರಿಗೆ ಓಡಿದ. ಡ್ರೈವು ಗರಗರ ಸುತ್ತಿ ಸುಮ್ಮನಾಯಿತು. ಸೈಬರಿನ ಮುತ್ತುರಾಜ ಸಿಡಿಯನ್ನು ಬೆಳಕಿಗೆ ಹಿಡಿದ.

“ಪಾತ್ರೆ ಉಜ್ಜಿದಂಗೆ ಉಜ್ಜಿದೀಯಲ್ಲೋ ಮಗಾ! ಪೂರ್ತಿ ಗೀರು. ನೀರಲ್ಲಿ ತೊಳ್ದಿದ್ರೆ ಹೋಗ್ತಿತ್ತು ಕಣೋ.”

“ನಿನ್ನ ಕಂಪ್ಯೂಟರಲ್ಲಿ ಇರಬೇಕಲ್ಲ?”

“ದಿನಾ ರಾತ್ರಿ ಎಲ್ಲಾ ಅಳಿಸ್ತೀನಿ ಗುರು, ಗೊತ್ತಲ್ಲ.”

ಮನೆಗೆ ಬಂದವನು ಚಪ್ಪಲಿಯನ್ನು ಮೂಲೆಗೆ ಒದ್ದ. “ಎಲ್ಲಾ ಹೋತು! ನಿನ್ನ ಪೂಜಿಯಿಂದ!”

ದಾನಮ್ಮ ಗಾಬರಿಯಾದಳು. “ಅಷ್ಟು ಬೇಕಾದದ್ದು ಇನ್ನೊಂದು ಮಾಡಿ ಬ್ಯಾರೆ ಕಡೆ ಇಟ್ಟಿಲ್ಲೇನಪಾ?”

ರುದ್ರೇಶ ಗೀರು ಬಿದ್ದ ಸಿಡಿಯನ್ನು ನೋಡಿದ. ಹಾಳಾದ ನೋಟ್ಸಿನ ಮೊದಲ ಸಾಲು ಅವ್ವ ಈಗ ಹೇಳಿದ್ದೇ ಆಗಿತ್ತು. ಬಂದ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ, ಅತ್ತಿತ್ತ ಶತಪಥ ತಿರುಗಿ, ಕೊನೆಗೊಂದು ಪೆನ್ನು ಹುಡುಕಿದ. ನೆನಪಿದ್ದಷ್ಟನ್ನು ಬರೆಯಲು ಕೂತ. ಈ ಸಲ ಹಾಳೆಯ ಕೆಳಗೆ ಕಾರ್ಬನ್ ಪೇಪರು, ಅದರ ಕೆಳಗೆ ಇನ್ನೊಂದು ಹಾಳೆ ಇಟ್ಟುಕೊಂಡ.