ಅತ್ತೆಯ ತೋಳಿನ ಅನಂತನ ದಾರ

ತೋಳಿನ ಕೆಂಪು ದಾರ ಬಿಚ್ಚದೆ ಆಪರೇಷನ್ ಇಲ್ಲ ಅಂದರು ನರ್ಸಮ್ಮ. ದಾರ ಬಿಚ್ಚುವುದಾದರೆ ಆಪರೇಷನ್ನೇ ಬೇಡ ಅಂದರು ನಮ್ಮತ್ತೆ. ನಡುವೆ ಸಿಕ್ಕಿಕೊಂಡವಳು ನಾನು. ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗ್ಗೆ ಆರರಿಂದ ನಿಂತು ಹೊದಿಕೆ ಮಡಚಿ, ಸೊಂಟ ಬಿದ್ದುಹೋಗಿ, ಊಟದ ಬಿಡುವಿನಲ್ಲಿ ವಾರ್ಡಿಗೆ ಓಡಿ ಬಂದಿದ್ದೆ.

ಅತ್ತೆ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡು ಮೂರು ದಿನ. ಇವತ್ತು ಕೂಡಿಸದಿದ್ದರೆ ಮತ್ತೆ ನಡೆಯುವುದು ಅನುಮಾನ ಅಂತ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಆ ದಾರದ ಕಥೆ ನನಗೆ ಬಾಯಿಪಾಠ. ವರ್ಷವರ್ಷವೂ ಅನಂತನ ಚತುರ್ದಶಿಗೆ ಕೇಳಿ ಕೇಳಿ ಕಿವಿ ತೂತಾಗಿದೆ. ಸುಶೀಲೆ ಅನ್ನುವವಳು ಹೊಳೆದಂಡೆಯ ಹೆಂಗಸರನ್ನು ನೋಡಿ ವ್ರತ ಹಿಡಿದಳು, ಹದಿನಾಲ್ಕು ಗಂಟಿನ ದಾರ ಕಟ್ಟಿಕೊಂಡಳು, ಮನೆ ತುಂಬಿತು. ಗಂಡ ಕೌಂಡಿನ್ಯ ಮಹಾಶಯ ಅದನ್ನು ಕಿತ್ತು ಬೆಂಕಿಗೆ ಹಾಕಿದ. ಇದ್ದಬದ್ದದ್ದೆಲ್ಲ ಹೋಗಿ, ಅನಂತನನ್ನು ಹುಡುಕುತ್ತಾ ಕಾಡು ಅಲೆದ. ಮುಂದೆ ಕೃಷ್ಣ ಇದನ್ನೇ ಪಾಂಡವರಿಗೆ ಹೇಳಿದನಂತೆ. ಯಾರು ಯಾರಿಗೆ ಹೇಳಿದರೇನು, ದರ್ಭೆಯಲ್ಲಿ ಏಳು ಹೆಡೆಯ ಹಾವು ಹೆಣೆದು, ಹದಿನಾಲ್ಕು ಬಗೆ ಹೂವು, ಹದಿನಾಲ್ಕು ಬಗೆ ಎಲೆ ಹೊಂದಿಸಿ ಸಾಯುವವರು ಮನೆಯ ಹೆಂಗಸರು.

ನಮ್ಮ ಮನೆಯಲ್ಲಿ ಹಬ್ಬದ ದಿನ ಹೊಸ ದಾರ ಕಟ್ಟದೆ ಹಳೆಯದನ್ನು ಬಿಚ್ಚುವ ಹಾಗಿಲ್ಲ. ಸೊಸೆ ತೋಳು ಒಡ್ಡಿ ಅದೇ ದಾರ ಕಟ್ಟಿಸಿಕೊಂಡು ವ್ರತ ತಗೊಂಡರೆ ಮಾತ್ರ ಅತ್ತೆಗೆ ಅದರಿಂದ ಬಿಡುಗಡೆ. ನಾನು ಮದುವೆಯಾದ ಮೊದಲ ವರ್ಷವೇ, ನನ್ನ ಕೈಲಾಗಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದೆ. ಅದಾಗಿ ಹದಿನೇಳು ವರ್ಷ. ಈ ಸಲದ ಹಬ್ಬಕ್ಕೆ ಇನ್ನೂ ಐದು ತಿಂಗಳಿತ್ತು.

"ಅತ್ತೆ, ಹಠ ಮಾಡಬೇಡಿ."

"ಮನೆ ಹಾಳಾದರೆ?"

"ನೀವು ಹಾಸಿಗೆ ಹಿಡಿದರೆ ಉದ್ಧಾರ ಆಗುತ್ತಾ?"

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ನನಗೆ ರೇಗಿತು, ಅಳುವೂ ಬಂತು. ಜಗಳ ಆಡುವಷ್ಟು ತ್ರಾಣವೂ ಉಳಿದಿರಲಿಲ್ಲ. ಯೂನಿಫಾರ್ಮಿನ ತೋಳು ಮೇಲೇರಿಸಿ ಎಡಗೈ ಚಾಚಿದೆ.

"ತಗೊಳ್ಳಿ, ನನಗೇ ಕಟ್ಟಿ. ಇನ್ಮೇಲೆ ನಾನೇ ಮಾಡ್ತೀನಿ."

ಸೋಪಿಗೆ ಬಿರಿದ ನನ್ನ ಬೆರಳು, ಇಸ್ತ್ರಿ ಸುಟ್ಟ ಕಲೆ, ಎಲ್ಲವನ್ನೂ ಅತ್ತೆ ನೋಡಿದರು. ಕೈ ಹಿಡಿದುಕೊಂಡರು, ಕಟ್ಟಲಿಲ್ಲ.

"ನನ್ನತ್ತೆ ನನ್ನನ್ನ ಕೇಳಲೇ ಇಲ್ಲ ಕಣೆ. ಬಂದ ವರ್ಷವೇ ಕಟ್ಟಿಬಿಟ್ಟರು. ನಲವತ್ತೊಂದು ವರ್ಷ ಆಯ್ತು. ಹೂ ಎಣಿಸೋವಾಗೆಲ್ಲ ನನಗೂ ಸಾಕಾಗಿದೆ ಅನಿಸೋದು. ನೀನು ಆಗಲ್ಲ ಅಂದಾಗ ಎಷ್ಟು ಹೊಟ್ಟೆ ಉರೀತು ಗೊತ್ತಾ?"

"ವ್ರತ ಬೇಡ ಅಂದಿದ್ದಕ್ಕಾ?"

"ಹೇಳೋಕೆ ಆಯ್ತಲ್ಲ ನಿನಗೆ, ಅದಕ್ಕೆ."

ನನ್ನ ತೋಳು ಕೆಳಗಿಳಿಸಿ, ತಮ್ಮದನ್ನು ನನ್ನ ಮುಂದೆ ಚಾಚಿದರು. "ಬಿಚ್ಚು. ಏನಾದರೂ ಆದರೆ ನನಗೇ ಆಗಲಿ, ನಿನ್ನ ತನಕ ಬರೋದು ಬೇಡ."

ಅವರ ನಂಬಿಕೆ ಎಲ್ಲೂ ಹೋಗಿರಲಿಲ್ಲ. ಹೆದರಿಕೆ ಕಣ್ಣಲ್ಲಿ ಹಾಗೇ ಇತ್ತು. ಆದರೂ ನಾನು ಗಂಟು ಸಡಿಲಿಸಿ ದಾರ ತೆಗೆಯುವ ತನಕ ಕೈ ಅಲ್ಲಾಡಿಸದೆ ಮಲಗಿದ್ದರು.