ಕಾಲರಿನ ಮೇಲಿನ ಉಣ್ಣಿ

ಕ್ಯಾಸನೂರು ಕಾಡಿನ ಮಂಗನ ಕಾಯಿಲೆ ನನ್ನ ಗಂಡನನ್ನು ಒಯ್ದಮೇಲೆ ಊರಿನವರ್ಯಾರೂ ನಮ್ಮ ಜಗಲಿ ಹತ್ತಲಿಲ್ಲ. ಆ ಜ್ವರದಿಂದ ಬದುಕಿ ಉಳಿದ ನನ್ನಂಥವರ ಮಂಜಾದ ಕಣ್ಣು ಪರೀಕ್ಷಿಸುವ ಡಾಕ್ಟರು ಮಾತ್ರ ತಿಂಗಳಿಗೊಮ್ಮೆ ಬಂದು, ಟಾರ್ಚು ಬಿಟ್ಟು ನೋಡಿ, “ಹೇಗಿದ್ದೀರಿ ಹುಚ್ಚಮ್ಮ?” ಅನ್ನುತ್ತಿದ್ದರು. ಕಣ್ಣು ವಾಸಿಯಾದರೆ ಬರುವುದಿಲ್ಲವಂತೆ. ಎಂಥಾ ಕಾನೂನೋ! ಅದಕ್ಕೇ ಕಣ್ಣಿನ ಮಂಜು ಹರಿದಿದ್ದನ್ನು ನಾನು ಹೇಳಿರಲಿಲ್ಲ.

ಮೊನ್ನೆ ಬೆರಳು ತೋರಿಸಿ, “ಎಷ್ಟು?” ಅಂದರು.

“ಏನೂ ಕಾಣಲ್ಲ ಸ್ವಾಮಿ,” ಅಂದೆ.

ಅಷ್ಟರಲ್ಲಿ ಅವರ ಕಾಲರಿನ ಮೇಲೆ ಎಳ್ಳಿನಷ್ಟು ಉಣ್ಣಿಯೊಂದು ಹರಿಯುತ್ತಿತ್ತು. ಕಾಯಿಲೆ ತರುವುದು ಉಣ್ಣಿಯೇ ಅಂತ ನನಗೆ ಹೇಳಿದ್ದೂ ಅವರೇ. ಹಾಳಾದ್ದು, ಅವತ್ತೇ ಬರಬೇಕಿತ್ತೇ! ಕೈ ಚಾಚಿ ಹೆಕ್ಕಿ, ಕಲ್ಲಿನಲ್ಲಿ ಅರೆದೆ.

ಡಾಕ್ಟರು ನಕ್ಕರು. “ಸಂತೋಷ ಹುಚ್ಚಮ್ಮ, ಕಣ್ಣು ವಾಸಿಯಾಗಿದೆ,” ಅಂದು ಚೀಲ ಹಿಡಿದು ಎದ್ದರು.

ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಅವರ ಬೆನ್ನು ನನಗೆ ನಿಚ್ಚಳವಾಗಿ ಕಂಡಿತು.