ಮನೆ ಅಪ್ಪನ ದನಿ

ಅಪ್ಪ ದರ್ಜಿ. ಕೆಲಸದ ಹೊತ್ತಿನಲ್ಲಿ ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಸೂಜಿ; ಮಾತೆಲ್ಲ ಅವುಗಳ ಸಂದಿಯಲ್ಲೇ ನುಸುಳಿ ಬರಬೇಕು. "ಗುಂಡು ಹಾಕಿ ಮಾತಾಡೋದಕ್ಕಿಂತ ಗುಂಡುಸೂಜಿ ಹಾಕಿ ಮಾತಾಡೋದು ವಾಸಿ ಬಿಡಿ" ಎಂದು ನಾನು ಕಿಚಾಯಿಸುತ್ತಿದ್ದೆ. ಕಾಲೇಜಿನ ವೇದಿಕೆ, ಮದುವೆಮನೆ, ಎಲ್ಲಿ ಮೈಕು ಕಂಡರೂ ನಾನು ಅಪ್ಪನಾಗುತ್ತಿದ್ದೆ. ತುಟಿ ಬಿಗಿದು, "ಹೊಟ್ಟೆ ಒಳಗೆ ಎಳ್ಕೋಬೇಡಿ ಸ್ವಾಮಿ, ಪ್ಯಾಂಟಿಗೆ ಸುಳ್ಳು ಹೇಳ್ಬಾರ್ದು!" ಜನ ಬಿದ್ದು ಬಿದ್ದು ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಅಪ್ಪನ ನಗೆಯೇ ಜೋರು.

ಅಪ್ಪ ತೀರಿಕೊಂಡ ಮರುವರ್ಷ ಒಂದು ಸಂಜೆ ಅಮ್ಮ ಬಟಾಣಿ ಬಿಡಿಸುತ್ತ ಹೇಳಿದಳು:

"ಅವರ ದನಿ ಮರ್ತು ಹೋಗ್ತಾ ಇದೆ ಕಣೋ. ಮುಖಕ್ಕೆ ಫೋಟೋ ಇದೆ, ದನಿಗೆ ನೀನೇ ಗತಿ. ಒಂದ್ಸಲ ಮಾಡು."

ಮಾಡಿದೆ. ಅಮ್ಮ ನಗಲಿಲ್ಲ.

"ಇದು ಅಂಗಡಿ ಅಪ್ಪ, ಊರಿಗೆಲ್ಲ ಗೊತ್ತಿರೋದು. ಮನೆ ಅಪ್ಪನ್ನ ಮಾಡೋ. ಸೂಜಿ ತೆಗೆದಿಟ್ಟು ನನ್ನ ಹತ್ರ ಮಾತಾಡ್ತಿದ್ರಲ್ಲ, ಅವರನ್ನ."

ಬಾಯಿ ತೆರೆದೆ. ಏನೂ ಬರಲಿಲ್ಲ. ಮಿಮಿಕ್ರಿಯವನ ಕಸುಬೇ ಹಾಗೆ. ಒಂದು ಕೊಂಕು ಹಿಡಿದು ಹಿಗ್ಗಿಸಬೇಕು, ಉಳಿದ ಮನುಷ್ಯನನ್ನು ಕತ್ತರಿಸಿ ಎಸೆಯಬೇಕು. ನೆನಪಿನೊಳಗೆ ಕೈಹಾಕಿದರೆ ಸಿಗುತ್ತಿದ್ದವನು ಅಪ್ಪನಲ್ಲ, ಅಪ್ಪನನ್ನು ಅಣಕಿಸುವ ನಾನು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಪ್ಪ ಹಣೆ ಮುಟ್ಟಿ ಏನೋ ಹೇಳುತ್ತಿದ್ದರು. ಈಗ ಅಲ್ಲೂ ಅವರ ಬಾಯಲ್ಲಿ ಸೂಜಿ.

"ಹೋಗ್ಲಿ ಬಿಡು, ಗಂಟಲು ಸರಿ ಇಲ್ವೇನೋ" ಎಂದು ಅಮ್ಮ ಎದ್ದುಹೋದಳು. ಮತ್ತೆ ಕೇಳಲಿಲ್ಲ. ಆದರೆ ನಾನು ಕೆಮ್ಮಿದರೂ ಸಾಕು, ಆಸೆಯಿಂದ ಕತ್ತೆತ್ತುತ್ತಿದ್ದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಡುಗೆಮನೆಗೂ ಅದಕ್ಕೂ ನಡುವೆ ಒಂದು ಪರದೆ. ಒಂದು ಭಾನುವಾರ ಅಪ್ಪನ ಹೊಲಿಗೆ ಯಂತ್ರದ ಮುಂದೆ ಕುಳಿತು ಗುಂಡುಸೂಜಿಗಳನ್ನು ತುಟಿಗಿಟ್ಟುಕೊಂಡೆ. ಅಂಗಡಿ ಅಪ್ಪನ ಬಾಯಿಂದ ಸೂಜಿ ತೆಗೆದರೆ ಒಳಗೆ ಮನೆ ಅಪ್ಪ ಇರಲೇಬೇಕಲ್ಲ ಎಂಬ ನಂಬಿಕೆ. ಇಷ್ಟು ವರ್ಷ ಅಣಕಿಸಿದವನು ನಿಜವಾದ ಸೂಜಿ ಬಾಯಿಗಿಟ್ಟದ್ದು ಅದೇ ಮೊದಲು. ಕಬ್ಬಿಣದ ರುಚಿ. ಉಸಿರನ್ನೂ ಬಿಗಿಹಿಡಿಯಬೇಕು. ಒಂದೊಂದಾಗಿ ತೆಗೆದೆ. ಕೊನೆಯದು ಕೈಗೆ ಬಂದದ್ದೇ, ಕಟ್ಟಿದ್ದ ಉಸಿರು ತಾನಾಗಿ ಹೊರಬಿತ್ತು: "ಉಸ್ಸ್..."

ಪರದೆಯಾಚೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಬಂದ್ರಾ?" ಎಂದಳು ಅಮ್ಮ. ನನ್ನನ್ನು ಅವಳು ಎಂದೂ ಬಹುವಚನದಲ್ಲಿ ಮಾತಾಡಿಸಿದವಳಲ್ಲ. "ಕೈ ತೊಳ್ಕೊಳ್ಳಿ, ಬಡಿಸ್ತೀನಿ."

ಊರಿನವರೆಲ್ಲರ ದನಿ ಬರುತ್ತಿದ್ದ ನನಗೆ ಆಗ ನನ್ನದೂ ಬರಲಿಲ್ಲ. ಒಳಗೆ ಅಮ್ಮ ಮಾತಾಡುತ್ತಲೇ ಇದ್ದಳು. ಸೋರುವ ನಲ್ಲಿ, ನನ್ನ ಮದುವೆ, ತನ್ನ ಮಂಡಿನೋವು. ನಡುನಡುವೆ ಸುಮ್ಮನಾಗಿ, ಏನನ್ನೋ ಪೂರ್ತಿ ಕೇಳಿಸಿಕೊಂಡು, "ಅಯ್ಯೋ ಹೋಗ್ರೀ" ಎಂದು ನಗುತ್ತಿದ್ದಳು.

ಅವಳು ಸುಮ್ಮನಾದಾಗಲೆಲ್ಲ ನಾನು ಪರದೆಗೆ ಕಿವಿಯಿಟ್ಟೆ. ನನಗೆ ಏನೂ ಕೇಳಿಸಲಿಲ್ಲ.